ನುಚ್ಚಿಗೆ ಕೊಂಡ ಕೂಸು

ನಮ್ಮ ಅಕ್ಕ ಯಾವ ಕೂಸನ್ನೂ ಚೆಂದ ಅದ ಅಂತ ಹೇಳಿದ್ದನ್ನು ನಾನು ಕೇಳಿಲ್ಲ. ತಾಯಿ ಎಷ್ಟು ಆಸೆಯಿಂದ ಮುಂದೆ ಹಿಡಿದರೂ ಅಷ್ಟೆ. "ಏನ್ ಕರ್ರಗದವಾ ಇದು, ಕಾಗಿ ಮರಿ" ಎಂದು ಮುಖ ಸಿಂಡರಿಸಿ ಆಮೇಲೆ ಎತ್ತಿಕೊಳ್ಳುತ್ತಿದ್ದಳು. ತಾಯಂದಿರಿಗೆ ಅದರಿಂದ ಸಮಾಧಾನ. ಹೊಗಳಿದರೆ ಕೆಟ್ಟ ನದರ ತಾಗುತ್ತದೆ, ಬೈದರೆ ಬಾಳುತ್ತದೆ ಎಂಬ ಲೆಕ್ಕ ಅವರದು. ಕೆಲಸಕ್ಕೆ ಹೊಸದಾಗಿ ಸೇರಿದ್ದ ನಾನು ಔರಾದ್ ಕಡೆಯ ಒಂದು ಮನೆಯಲ್ಲಿ "ಎಷ್ಟು ಗುಂಡಗದ ನೋಡ್ರಿ" ಎಂದು ಬಾಯಿ ಬಿಟ್ಟೆ. ಅವರು ಕೂಸನ್ನು ತೂಕಕ್ಕೆ ಕೊಡದೆ ಒಳಗೆ ಒಯ್ದು ಬಾಗಿಲು ಹಾಕಿಕೊಂಡರು. ಜೀಪಿನಲ್ಲಿ ಶುರುವಾದ ಅಕ್ಕನ ಬೈಗುಳ ಬೀದರ್ ಮುಟ್ಟಿದರೂ ಮುಗಿಯಲಿಲ್ಲ. "ನಿನಗ ಭಾಲ್ಕ್ಯಾಗ ಯಾರೂ ಮಾತಾಡ್ಲಾಕ ಕಲಿಸಿಲ್ಲೇನ?" ಎಂದು ಇಳಿಯುವಾಗಲೂ ಒಂದು ಹಾಕಿದಳು.

ಆಕೆ ನನ್ನ ಒಡಹುಟ್ಟಿದವಳಲ್ಲ. ನಾನು ಭಾಲ್ಕಿಯ ಲಿಂಗಾಯತರ ಮನೆಯವಳು, ಆಕೆ ಬೀದರಿನ ನೌಬಾದದ ದಲಿತ ಬೌದ್ಧರ ಮನೆಯವಳು. ಮಕ್ಕಳ ಉಳಿವು, ಆರೋಗ್ಯ, ಹಕ್ಕು ಎಂದು ಎಷ್ಟೋ ದೇಶಗಳಲ್ಲಿ ಕೆಲಸ ಮಾಡುವ ಒಂದು ದೊಡ್ಡ ಸಂಸ್ಥೆಯ ಬೀದರ್ ಕಚೇರಿಯಲ್ಲಿ ಇಬ್ಬರೂ ಇದ್ದೆವು. ಹಳ್ಳಿಯವರ ಬಾಯಲ್ಲಿ ಅದು ಫಾರಿನ್ ಸಂಸ್ಥಾ. ಆಕೆ ನನಗಿಂತ ಬಹಳ ಹಿರಿಯಳು. ಎದುರಿಗೆ 'ರೀ' ಹಚ್ಚಿಯೇ ಮಾತಾಡುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ಯಾವಾಗಲೂ ಏಕವಚನ. ಹಳ್ಳಿಗಳಲ್ಲಿ ಆಕೆ ಎಲ್ಲರಿಗೂ ಅಕ್ಕೋರು.

ಹೋದ ತಿಂಗಳು ತೀರಿಕೊಂಡಳು. ಸಂಸ್ಥೆಯವರು ಫೋಟೋಕ್ಕೆ ಹಾರ ಹಾಕಿ ಸಭೆ ಮಾಡಿದರು. ಬದ್ಧತೆ ಅಂದರು, ಸಮರ್ಪಣೆ ಅಂದರು. ಆಕೆಯನ್ನು ಕೆಲಸದಿಂದ ಬಿಡಿಸಿದ್ದು ಯಾಕೆಂದು ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಚಹಾ ಕುಡಿಯದೆ ಎದ್ದು ಬಂದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕ ಸಾಧು ಸ್ವಭಾವದವಳಲ್ಲ. ಗಂಜಿ ಹಾಕಿದ ಕಾಟನ್ ಸೀರೆ, ಅದಕ್ಕೊಪ್ಪುವ ಬಳೆ, ಎಡಗೈಯಲ್ಲಿ ದೊಡ್ಡ ಗಡಿಯಾರ. ಗುಲಬರ್ಗಾದಲ್ಲಿ ಎಂ.ಎಸ್.ಡಬ್ಲ್ಯೂ. ಮಾಡಿದ್ದನ್ನು ಅಧಿಕಾರಿಗಳ ಎದುರು ತಪ್ಪದೆ ಹೇಳುವಳು. ಭಾಲ್ಕಿ ಬಸ್ ನಿಲ್ದಾಣದ ಚಹಾದವನಿಗೆ "ಸಕ್ರಿ ಹಾಕಪಾ, ನಿನ್ನ ಮನಿದೇನು ಹೋಗ್ತದ" ಎಂದು ನಿಂತಲ್ಲೇ ಜಗಳ. ಮುಸಲ್ಮಾನರ ಓಣಿಯಲ್ಲಿ ದಖನಿ ಉರ್ದು, ಡಾಬಕಾ ದಾಟಿದರೆ ಮರಾಠಿ, ಸಿಟ್ಟು ಬಂದರೆ ಅಪ್ಪಟ ಬೀದರ್ ಕನ್ನಡ. ವರದಿಗಳಲ್ಲಿ 'ಫಲಾನುಭವಿ' ಎಂಬ ಮಾತು ಕಂಡರೆ ಆಕೆಗೆ ಆಗುತ್ತಿರಲಿಲ್ಲ. "ಹೊಟ್ಟಿಗಿಲ್ಲದ ಕೂಸು ಏನ್ ಫಲಾ ಅನುಭವಿಸ್ತದ? ಕೂಸು ಅಂತ ಬರಿ" ಎನ್ನುವಳು. ನಾನು ಹಾಗೆ ಬರೆದು ಕಳಿಸಿದರೆ ಮೇಲಿನವರು ತಿದ್ದಿ ಮತ್ತೆ ಫಲಾನುಭವಿ ಮಾಡುತ್ತಿದ್ದರು.

ಆದರೆ ಆಕೆಯ ಹೆಸರು ನಮ್ಮ ಕಡೆ ನಿಂತದ್ದು ಬೇರೆ ಕಾರಣಕ್ಕೆ. ಆಕೆ ಕೂಸುಗಳನ್ನು ಕೊಳ್ಳುತ್ತಿದ್ದಳು.

ಗಾಬರಿಯಾಗಬೇಡಿ. ಹುಟ್ಟಿದ ಕೂಸುಗಳು ಒಂದರ ಹಿಂದೊಂದು ಸತ್ತ ಮನೆಯಲ್ಲಿ ಮತ್ತೊಂದು ಹುಟ್ಟಿದರೆ ಅದನ್ನು ಮೊರದಲ್ಲಿ ಮಲಗಿಸಿ ಬೇರೆಯವರಿಗೆ ಮಾರುವ ರೂಢಿ ಈ ಸೀಮೆಯ ಕೆಲವು ಮನೆಗಳಲ್ಲಿ ಇನ್ನೂ ಉಂಟು. ಕೊಳ್ಳುವವಳು ಒಂದು ಬೊಗಸೆ ಜೋಳದ ನುಚ್ಚು ಕೊಟ್ಟು, "ಇನ್ನ ಇದು ನಂದು, ನೀ ಹಾಲು ಕುಡಿಸಿ ಸಾಕು" ಎಂದು ತಾಯಿಯ ಉಡಿಗೇ ಅದನ್ನು ತಿರುಗಿ ಹಾಕುತ್ತಾಳೆ. ಯಮ ಬಂದು ನೋಡಿದರೆ ಆ ಮನೆಯಲ್ಲಿ ಆ ಮನೆಯವರದೆನ್ನುವ ಕೂಸೇ ಇರುವುದಿಲ್ಲ. ಬರಿಗೈಲಿ ಹೋಗುತ್ತಾನೆ. ಅಂದಿನಿಂದ ತಾಯಿ ಅದನ್ನು 'ನಂದು' ಎನ್ನಬಾರದು. ಕೊಂಡವಳು 'ನಂದಲ್ಲ' ಎನ್ನಬಾರದು. ಕೊಳ್ಳುವವಳ ಮಕ್ಕಳು ಗಟ್ಟಿಯಾಗಿರಬೇಕು, ಆಕೆ ಬೇರೆ ಮನೆತನದವಳಾಗಿರಬೇಕು. ಅಕ್ಕನಿಗೆ ಗಟ್ಟಿಮುಟ್ಟಾದ ಇಬ್ಬರು ಗಂಡುಮಕ್ಕಳು.

"ಇಷ್ಟು ಓದೀರಿ, ಇದನ್ನೆಲ್ಲಾ ನಂಬ್ತೀರೇನ್ರಿ?" ಎಂದು ನಾನು ಒಮ್ಮೆ ಕೇಳಿದೆ. ನಮ್ಮ ಮನೆಯಲ್ಲಿ ಕೊರಳಿನ ಇಷ್ಟಲಿಂಗ ಬಿಟ್ಟರೆ ಬೇರೆ ಯಾವುದಕ್ಕೂ ಕೈ ಮುಗಿಯುವುದಿಲ್ಲ. ಹಾಗಾಗಿ ಕೇಳುವ ಸೊಕ್ಕು ನನ್ನಲ್ಲಿತ್ತು.

"ನಂಬೂದು ಬಿಡು. ನನಗೇ ಯಾಕ ಮಾರ್ತಾರ ಗೊತ್ತೇನ ನಿನಗ? ಬರೇ ನನ್ನ ಮಕ್ಕಳು ಗಟ್ಟಿ ಅದಾರಂತ ಅಲ್ಲ. ನಮ್ಮ ಓಣಿಗಿ ಬರ್ಲಾಕ ಯಮನೂ ಹೇಸ್ತಾನಂತ. ಮುದುಕೇರು ನನ್ನ ಮುಂದೇ ಅಂದಾರ."

ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. "ಮತ್ತ ಯಾಕ ಕೊಳ್ತೀರಿ?" ಎಂದೆ.

"ಅವಮಾನ ನನ್ನ ಪಾಲಿಗಿ ಬರ್ತದ, ಕೂಸು ದವಾಖಾನಿಗಿ ಬರ್ತದ. ಎರಡೂ ತೂಗಿ ನೋಡೀನಿ."

ಅದು ನಿಜವಾಗಿತ್ತು. ಸೂಜಿ ಹಾಕಿಸಲು ಅತ್ತೆಯಂದಿರು ಅಡ್ಡ ನಿಂತರೆ ಅಕ್ಕ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, "ಏ ಆಯಿ, ನನ್ನ ಕೂಸಿಗಿ ನಾ ಸೂಜಿ ಹಾಕಸ್ತೇನಿ. ನೀ ಯಾಕ ನಡುವ ಬರ್ತಿ?" ಎನ್ನುವಳು. ಮುದುಕಿಯರಿಗೆ ಮಾತು ಕಟ್ಟಿಬಿಡುತ್ತಿತ್ತು. ತಾವೇ ಮಾರಿದ್ದಲ್ಲವೇ? ನಾವು ಚಿತ್ರ ತೋರಿಸಿ, ಹಾಡು ಹೇಳಿ, ಸಭೆ ಮಾಡಿ ಹೊರಡಿಸಲಾಗದ ತಾಯಂದಿರನ್ನು ಆಕೆ "ನನ್ನ ಕೂಸು" ಎಂಬ ಒಂದು ಮಾತಿನಿಂದ ಜೀಪಿನಲ್ಲಿ ಕೂರಿಸುತ್ತಿದ್ದಳು. ಮನೆಯಲ್ಲಿ ಮಾತ್ರ ಗಂಡನಿಂದ ಬೈಸಿಕೊಳ್ಳುವಳು. "ಗೋಡಿ ಮ್ಯಾಲ ಬುದ್ಧನ ಫೋಟೋ, ಹೊರಗ ಇಂಥಾ ಧಂದೆ" ಎಂದು ಅವರು ಊಟ ಬಿಟ್ಟು ಎದ್ದದ್ದೂ ಉಂಟಂತೆ.

ಡಾಬಕಾದ ಆಚೆ ಮಹಾರಾಷ್ಟ್ರದ ಅಂಚಿಗೆ ಒಂದು ಸಣ್ಣ ಊರು. ಅಲ್ಲಿ ಸುನಂದಾ ಎಂಬ ಹೆಣ್ಣುಮಗಳು. ಎರಡು ಹೆತ್ತಿದ್ದಳು, ಎರಡೂ ತೆವಳುವ ಮೊದಲೇ ಹೋಗಿದ್ದವು. ಓಣಿಯಲ್ಲಿ ಆಕೆಯನ್ನು ಮಕ್ಕಳನ್ನು ತಿಂದಾಕಿ ಎನ್ನುತ್ತಿದ್ದರು. ಮೂರನೆಯದೂ ಹೋದರೆ ಮಗನಿಗೆ ಬೇರೆ ಮದುವೆ ಎಂದು ಅತ್ತೆ ಉದಗಿರದ ಕಡೆ ಹೆಣ್ಣು ನೋಡಿಟ್ಟಿದ್ದಳು. ಹೀಗಿರುವಾಗ ಹುಟ್ಟಿದ ಹೆಣ್ಣು ಕೂಸನ್ನು ಆ ಅತ್ತೆಯೇ ಮೊರದಲ್ಲಿಟ್ಟು ಅಕ್ಕನ ಮುಂದೆ ಚಾಚಿದಳು. ಅಕ್ಕ ನುಚ್ಚು ಸುರಿದಳು. ನುಚ್ಚಿಗೆ ಬಂದದ್ದೆಂದು ಅದಕ್ಕೆ ನುಚ್ಚವ್ವ ಎಂದೇ ಹೆಸರಾಯಿತು. ಅಕ್ಕ ಆ ದಾರಿಯಲ್ಲಿ ಹೋದಾಗಲೆಲ್ಲ ಇಳಿದು "ಎಲ್ಲದ ನನ್ನ ಕಾಗಿ ಮರಿ?" ಎಂದು ಒಳಗೆ ನುಗ್ಗುವಳು. ಕೂಸು ತೂಕ ಹಿಡಿಯಿತು. ಸುನಂದಾ ಮೊದಲ ಸಲ ನಕ್ಕಿದ್ದನ್ನು ನಾನು ಆ ಪಡಸಾಲೆಯಲ್ಲೇ ನೋಡಿದೆ.

ಆಗ ಮೇಲಿನಿಂದ ಅತಿಥಿಗಳು ಬಂದರು. ಪರದೇಶದ ಒಬ್ಬ ಹೆಂಗಸು, ಆಕೆಗೆ ಮಾತು ತಿಳಿಸಲು ಬೆಂಗಳೂರಿನಿಂದ ಬಂದ ಹುಡುಗಿ. ಸುನಂದಾಳ ಮನೆಯಲ್ಲಿ ಚಾಪೆ ಹಾಸಿ ಕೂರಿಸಿದರು. ಮುದುಕಿಗೆ ಸಂಭ್ರಮ. ಕೂಸಿನ ಕಡೆ ಕೈ ಮಾಡಿ, "ಇದು ನಮ್ದಲ್ರಿ. ಅಕ್ಕೋರಿಗಿ ಮಾರೀವಿ" ಎಂದಳು. ಊರವರೆಲ್ಲ ನಕ್ಕರು.

ಹುಡುಗಿ ತಡವರಿಸಿ ಕೇಳಿದಳು, "ಮಾರಿದ್ದೀರಾ ಅಜ್ಜಿ? ಮಗೂನ?"

"ಹೂಂ ಮತ್ತ. ಒಂದು ಬೊಗಸಿ ನುಚ್ಚಿಗಿ. ಕೇಳ್ರಿ ಬೇಕಾದ್ರ, ಇಲ್ಲೇ ಕೂತಾರಲ್ಲ ಕೊಂಡವ್ರು."

ಹುಡುಗಿ ಕೇಳಿದ್ದನ್ನು ಕೇಳಿದಂತೆ ಇಂಗ್ಲಿಷಿನಲ್ಲಿ ಹೇಳಿದಳು. ಆಕೆಯದೇನು ತಪ್ಪು? ಅತಿಥಿಯ ಮುಖದ ನಗು ನಿಂತಿತು. ಅಕ್ಕ ತನ್ನ ಇಂಗ್ಲಿಷಿನಲ್ಲಿ ವಿವರಿಸಲು ಹೋದಳು. ಕೊಂಡದ್ದು ಹೌದು, ಆದರೆ ಕೊಂಡಂತಲ್ಲ, ನುಚ್ಚು ಕೊಟ್ಟದ್ದು ಹೌದು, ಆದರೆ ಬೆಲೆಯಲ್ಲ. ಹೇಳಿದಷ್ಟೂ ಕೆಡುತ್ತಾ ಹೋಯಿತು. ಆ ಹೆಂಗಸು ಸೌಜನ್ಯದಿಂದ ತಲೆಯಾಡಿಸಿದಳು, ಚಹಾ ಪೂರ್ತಿ ಕುಡಿದಳು, ಹೋದಳು. ಆಕೆಯ ಮೇಲೂ ನನಗೆ ಸಿಟ್ಟಿಲ್ಲ. ಹೊಟ್ಟೆಗಿಲ್ಲದೆ ಹಿಡಿ ಕಾಳಿಗೆ ಮಕ್ಕಳನ್ನು ಖರೇನೇ ಮಾರುವ ಜಾಗಗಳನ್ನು ಕಂಡು ಬಂದವಳಿರಬಹುದು. ಮಗು ಮಾರಾಟವೆಂದು ಕಿವಿಗೆ ಬಿದ್ದರೆ ತಿಳಿಸಲೇಬೇಕು ಎಂಬುದು ಸಂಸ್ಥೆಯ ನಿಯಮ. ನಾವೆಲ್ಲ ಸಹಿ ಮಾಡಿದ ನಿಯಮವೇ ಅದು. ಆಕೆ ತಿಳಿಸಿದಳು.

ಕೆಲವೇ ದಿನಗಳಲ್ಲಿ ಮಕ್ಕಳ ರಕ್ಷಣೆಯವರ ಗಾಡಿ ಬಂತು. ವಿಚಾರಣೆ ಮುಗಿಯುವವರೆಗೆ ಮಗು ಸುರಕ್ಷಿತವಾಗಿರಲಿ ಎಂದು ನುಚ್ಚವ್ವನನ್ನು ಬೀದರಿನ ಒಂದು ಶಿಶುಗೃಹಕ್ಕೆ ಒಯ್ದರು. ಸುನಂದಾ ಉಟ್ಟ ಬಟ್ಟೆಯಲ್ಲಿ ಗಾಡಿಯ ಹಿಂದೆಯೇ ಬಸ್ ಹತ್ತಿ ಬಂದಳು. ಅಕ್ಕ ಆಕೆಯನ್ನು ನೌಬಾದದ ತನ್ನ ಮನೆಯಲ್ಲಿ ಇಟ್ಟುಕೊಂಡಳು. ಕೂಸಿಗೆ ಅಲ್ಲಿ ಬಾಟಲಿ ಹಾಲು. ಇಲ್ಲಿ ಸುನಂದಾ ಎದೆಹಾಲು ಹಿಂಡಿ ಬಚ್ಚಲಿಗೆ ಚೆಲ್ಲುತ್ತಿದ್ದಳು. ತಾಯಿಯ ಹಾಲೇ ಅಮೃತವೆಂದು ಊರೂರು ಹೇಳಿಕೊಂಡು ತಿರುಗಿದ ನಾವಿಬ್ಬರೂ ಅದನ್ನು ನೋಡುತ್ತಾ ಕೂತಿದ್ದೆವು.

ವಿಚಾರಣೆಗೆ ಕೂತ ಅಧಿಕಾರಿ ಕೆಟ್ಟವರಲ್ಲ. ಕತೆಯೆಲ್ಲ ಕೇಳಿದ ಮೇಲೆ ಅವರಿಗೂ ಅರ್ಥವಾಗಿತ್ತು. "ನೋಡಿ, ನನಗೆ ರೂಢಿ ಗೀಢಿ ಬರೆಯಲಿಕ್ಕೆ ಬರುವುದಿಲ್ಲ. ನಾನು ಕೊಂಡಿಲ್ಲ, ಮಗು ನನ್ನದಲ್ಲ ಅಂತ ಸ್ಪಷ್ಟ ಹೇಳಿಬಿಡಿ. ಇವತ್ತೇ ತಾಯಿಗೆ ಕೊಡುತ್ತೇವೆ" ಎಂದರು.

ಹಿಂದಿನ ಬೆಂಚಿನಲ್ಲಿದ್ದ ಸುನಂದಾ ಎದ್ದು ಬಂದು ಅಕ್ಕನ ಸೆರಗು ಹಿಡಿದಳು. "ಅಕ್ಕೋರ, ಹಾಂಗ ಅನಬ್ಯಾಡ್ರಿ. ಬ್ಯಾರೆ ಏನರೆ ಹೇಳ್ರಿ. ಅದೊಂದು ಅನಬ್ಯಾಡ್ರಿ."

ಎಂಥವರಿಗೂ ಎದುರುತ್ತರ ಕೊಡುವ ಅಕ್ಕ ಅಂದು ಕೈಗಡಿಯಾರ ಬಿಚ್ಚಿ ಮತ್ತೆ ಕಟ್ಟಿಕೊಂಡಳು. ನೀರು ಕೇಳಿ ಕುಡಿದಳು. ಆಮೇಲೆ ಸುನಂದಾಳ ಕಡೆ ನೋಡದೆ, "ಕೊಂಡಿಲ್ಲ. ಕೂಸು ನಂದಲ್ಲ" ಎಂದಳು. ಸುನಂದಾ ಎರಡೂ ಕಿವಿ ಮುಚ್ಚಿಕೊಂಡಳು.

ಕೂಸು ಮನೆಗೆ ಬಂತು. ಸೊರಗಿ ಬಂತು. ಎದೆ ಹಿಡಿಯುವುದನ್ನು ಮರೆತಿತ್ತು. ಸಂಸ್ಥೆಯವರು ಅಕ್ಕನಿಗೆ ಆ ಊರಿನ ಕಡೆ ಹೋಗಬಾರದೆಂದು ತಾಕೀತು ಮಾಡಿದರು. ಮಾಡದಿದ್ದರೂ ಆಕೆ ಯಾವ ಮುಖ ಹೊತ್ತು ಹೋಗಬೇಕಿತ್ತು? ಅಂಗನವಾಡಿಯವರಿಗೆ ಫೋನ್ ಹಚ್ಚಿ "ಕಾಗಿ ಮರಿ ಹ್ಯಾಂಗದ?" ಎಂದು ಕೇಳುವಳು. ಇಂಥದ್ದನ್ನೆಲ್ಲ ನಂಬದ ಹೆಂಗಸು, ಫೋನ್ ಇಟ್ಟ ಮೇಲೆ ಮತ್ತೊಮ್ಮೆ ಹಚ್ಚಿ ಅದನ್ನೇ ಕೇಳುವಳು.

ಮಳೆ ಹಿಡಿದಾಗ ಕೂಸಿಗೆ ಕೆಮ್ಮು ಹಿಡಿಯಿತು. ಮನೆಯವರು ಯಾರಿಗೂ ಹೇಳಲಿಲ್ಲ. ಊರ ಆಶಾ ಕಾರ್ಯಕರ್ತೆ ಕಡೆಗೊಮ್ಮೆ ಫೋನ್ ಮಾಡಿ, "ಅಕ್ಕೋರ, ಉಸಿರಿಗಿ ಪಕ್ಕಿ ಎಲುಬು ಒಳಗ ಸೆಳಿಲಾಕತ್ತಾವ. ನಾ ಹೇಳಿದ್ರ ಕೇಳ್ವಲ್ರು" ಎಂದಳು. ತಾಕೀತು ಗೀಕೀತು ಎಲ್ಲ ಬಿಟ್ಟು ಅಕ್ಕ ಹೊರಟಳು. ನಾನೂ ಹೋದೆ.

ಬಾಗಿಲಲ್ಲಿ ಮುದುಕಿ ಕೂತಿದ್ದಳು. "ಯಾಕ ಬಂದೀರಿ?"

"ಕೂಸಿಗಿ ಆರಾಮಿಲ್ಲಂತ ಕೇಳ್ದೆ, ಆಯಿ. ದವಾಖಾನಿಗಿ ಒಯ್ಯಾಮು."

"ನಿಮಗ್ಯಾಕದರ ಫಿಕರ್? ನಿಮ್ದಲ್ಲಂತ ಬೀದರದಾಗ ಹೇಳಿ ಬಂದೀರಲ್ಲ."

ಮುದುಕಿ ಕ್ರೂರಿಯಲ್ಲ. ದವಾಖಾನೆಗೆ ಒಯ್ದರೆ ಮತ್ತೆ ಗಾಡಿ ಬಂದು ಎತ್ತಿಕೊಂಡು ಹೋಗುತ್ತದೆಂಬ ಭಯ ಆಕೆಗೆ. ಅತ್ತು ಅತ್ತು ಕಣ್ಣು ಊದಿತ್ತು. ಅಕ್ಕ ಆಕೆಯ ಮುಂದೆ ನೆಲಕ್ಕೆ ಕೂತಳು. ಗಂಜಿ ಹಾಕಿದ ಸೀರೆ ಕೆಸರಾಯಿತು.

"ಅವತ್ತ ಸುಳ್ಳು ಹೇಳಿದ್ದೆ. ನಂದೇ ಅದ. ತಾ ಇಲ್ಲಿ."

"ಎಷ್ಟು ಸಲ ಮಾತು ತಿರುಗಸ್ತೀರಿ ಅಕ್ಕೋರ?"

ಒಳಗಿಂದ ಸುನಂದಾ ಕೂಸನ್ನು ತಂದು ಅಕ್ಕನ ತೊಡೆಯ ಮೇಲೆ ಹಾಕಿದಳು. ಮುದುಕಿ ತಡೆಯಲಿಲ್ಲ. ಸುನಂದಾಳೂ ನಮ್ಮ ಜೊತೆ ಹೊರಟಳು. ಔರಾದಿನ ದವಾಖಾನೆಯಲ್ಲಿ ಆಕ್ಸಿಜನ್ ಹಚ್ಚಿ, ಸೂಜಿ ಹಾಕಿ, ಬೀದರಿಗೆ ಒಯ್ಯಿರಿ ಎಂದರು. ಡಾಕ್ಟರು ಅಕ್ಕನ ಹಳೆಯ ಪರಿಚಯದವರು. ಅವರು ಅಕ್ಕನ ಮುಖ ನೋಡದೆ, "ಇನ್ನಷ್ಟು ಮೊದಲ ತರಬೇಕಿತ್ತರಿ" ಎಂದರು. ಸಂತಪುರ ದಾಟಿದ ಮೇಲೆ ಆಂಬುಲೆನ್ಸಿನಲ್ಲಿ, ಅಕ್ಕನ ತೊಡೆಯ ಮೇಲೆಯೇ ನುಚ್ಚವ್ವ ಹೋದಳು.

ತಿರುಗಿ ಊರಿಗೆ ಬಂದಾಗ ಮನೆ ಮುಂದೆ ಮಂದಿ ಕೂಡಿದ್ದರು. ಸುನಂದಾ ಇಳಿಯುವ ಮೊದಲೇ ಒಬ್ಬಾಕೆ "ಮೂರನೇದೂ ತಿಂದ್ಳು ನೋಡ್ರಿ" ಎಂದದ್ದು ನಮಗೆಲ್ಲ ಕೇಳಿಸಿತು. ಗಂಡನ ಕಡೆಯವರು ಒಂದು ಕಡೆ ಗುಂಪಾಗಿ ನಿಂತಿದ್ದರು. ಉದಗಿರದ ಹೆಣ್ಣಿನ ಮಾತು ಇನ್ನು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದಷ್ಟೇ ಉಳಿದಿತ್ತು. ಸುನಂದಾಳ ಬದುಕು ಆ ಅಂಗಳದಲ್ಲೇ ಮುಗಿಯುವುದಿತ್ತು.

ಅಕ್ಕ ಕೂಸನ್ನು ಎದೆಗೆ ಹಿಡಿದುಕೊಂಡೇ ಕಟ್ಟೆಯ ಮೇಲೆ ಹತ್ತಿ ನಿಂತಳು.

"ಯಾರ ಕೂಸು ಸತ್ತದ? ಸುನಂದಾಂದಲ್ಲ. ನಂದು ಸತ್ತದ. ನೀವೇ ಮೊರದಾಗಿಟ್ಟು ಮಾರೀರಿ, ನಾ ಕೊಂಡೀನಿ, ಊರೆಲ್ಲಾ ನೋಡ್ಯಾದ. ತಿಂದಾಕಿ ಅಂತ ಅನ್ನೂದಿದ್ರ ನನಗ ಅನ್ರಿ. ಇಕಿಗಿ ಒಂದು ಮಾತು ಅನಬ್ಯಾಡ್ರಿ."

ಎಲ್ಲರೂ ಮುದುಕಿಯನ್ನು ನೋಡಿದರು. ಮುದುಕಿ ಸೊಸೆಯನ್ನು ನೋಡಿದಳು, ಕೂಸನ್ನು ನೋಡಿದಳು. ಕಡೆಗೆ "ಹೌದು, ಅಕ್ಕೋರ ಕೂಸೇ" ಎಂದಳು. ಕರುಣೆಯಿಂದ ಅಂದಳೋ, ರೂಢಿಗೆ ಕಟ್ಟುಬಿದ್ದು ಅಂದಳೋ ನನಗೆ ಗೊತ್ತಿಲ್ಲ. ಅಷ್ಟು ಸಾಕಾಯಿತು. ಉದಗಿರದ ಮಾತು ಅಲ್ಲಿಗೇ ನಿಂತಿತು.

ಆದರೆ ಅದರ ಹಿಂದೆಯೇ ಇನ್ನೊಂದು ಬಂತು. ಅದನ್ನು ನಾವು ಯಾರೂ ಯೋಚಿಸಿರಲಿಲ್ಲ. ಸುನಂದಾ ಬಾಯಿ ತೆಗೆದು ಅಳಲು ಹೋದಾಗ ಮುದುಕಿ ಸೆರಗಿನಿಂದ ಆಕೆಯ ಬಾಯಿ ಒತ್ತಿ ಹಿಡಿದಳು. "ಸುಮ್ನಾಗು. ಮಂದಿ ಕೂಸಿಗಿ ಯಾರರೆ ಹೀಂಗ ಅಳ್ತಾರೇನ? ನಿಂದಲ್ಲ ಅದು." ಹೆಂಗಸರು ಬಂದು ಸಮಾಧಾನ ಹೇಳಿದ್ದು ಅಕ್ಕನಿಗೆ. ಮೊದಲ ಹಿಡಿ ಮಣ್ಣು ಹಾಕಿದ್ದು ಅಕ್ಕ. ಹೆತ್ತವಳು ಗೋಡೆಗೆ ಆತು ಒಣ ಕಣ್ಣಲ್ಲಿ ಕೂತಿದ್ದಳು.

ಈ ಸುದ್ದಿ ಕಚೇರಿಗೆ ಮುಟ್ಟಲು ತಡವಾಗಲಿಲ್ಲ. ಅಧಿಕಾರಿಯ ಮುಂದೆ ನನ್ನದಲ್ಲ ಎಂದು ಹೇಳಿ, ಹಳ್ಳಿಯಲ್ಲಿ ನನ್ನದು ಎಂದು ಸಾರಿದವಳನ್ನು ಸಂಸ್ಥೆ ಇಟ್ಟುಕೊಳ್ಳಲು ಹೇಗೆ ಸಾಧ್ಯ ಎಂದರು. ಬಿಡಿಸಿದರು. ಅಕ್ಕ ಜಗಳ ಆಡಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ನಾನು ನೋಡಲು ಹೋದಾಗ ಒಮ್ಮೆ ಮಾತ್ರ ಅಂದಳು: "ಆ ಮುದುಕಿ ಅಂತಾಳ, ನಾ ಆಡಿದ ಮಾತಿಗಿ ಕೂಸು ಹೋಯ್ತಂತ. ನಾನೂ ಅದೇ ಅಂತೀನಿ. ನಂದಲ್ಲ ಅನ್ನದಿದ್ರ ಮೊದಲ ದಿನಾನೇ ಎತ್ಕೊಂಡು ದವಾಖಾನಿಗಿ ಹೋಗ್ತಿದ್ದೆ. ಅಕಿ ಲೆಕ್ಕಾ ಬ್ಯಾರೆ, ನನ್ನ ಲೆಕ್ಕಾ ಬ್ಯಾರೆ. ಉತ್ತರ ಒಂದೇ ಬಂತು." ಹಾಗಲ್ಲರಿ ಎಂದು ನಾನು ಹೇಳಬೇಕಿತ್ತು.

ಆಮೇಲೆ ಎಷ್ಟು ಮಕ್ಕಳೆಂದು ಯಾರು ಕೇಳಿದರೂ ಅಕ್ಕ "ಮೂರು. ಒಂದು ಹೋಗ್ಯಾದ" ಎನ್ನುತ್ತಿದ್ದಳು. ಗಂಡ ಮೊದಮೊದಲು ಸಿಡುಕುತ್ತಿದ್ದರು. ಬರಬರುತ್ತಾ ಅವರೂ ಹಾಗೆಯೇ ಹೇಳತೊಡಗಿದರು.

ಸುನಂದಾ ಸಂತೆ ನೆಪ, ದವಾಖಾನೆ ನೆಪ ಮಾಡಿಕೊಂಡು ಬೀದರಿಗೆ ಬರುತ್ತಿದ್ದಳು. ಬಂದು ನೌಬಾದದ ಆ ಮನೆಯ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಳು. ಸದ್ದು ಹೊರಗೆ ಕೇಳದಿರಲೆಂದು ಅಕ್ಕ ಟೀವಿ ಜೋರು ಮಾಡುವಳು. ಅತ್ತು ಮುಗಿದ ಮೇಲೆ ಸುನಂದಾ ಮು‌ಖ ತೊಳೆದು, ಅಕ್ಕನ ಅತಿಸಕ್ಕರೆಯ ಚಹಾ ಕುಡಿದು, ಬಸ್ಸು ಹಿಡಿಯುವಳು. ಮುಂದೆ ಆಕೆಗೆ ಎರಡು ಮಕ್ಕಳಾದವು, ಚೆನ್ನಾಗಿವೆ. ಅವನ್ನೂ ಕೊಳ್ಳಿರಿ ಎಂದು ಕೇಳಿದಾಗ ಅಕ್ಕ ಕೈಮುಗಿದು ಒಲ್ಲೆ ಅಂದಳಂತೆ.

ಒಂದು ದಿನ ಆ ಟೀವಿಯ ಗದ್ದಲ ಕೇಳಲಾರದೆ ನಾನು ಅಕ್ಕನಿಗೆ ಅಂದುಬಿಟ್ಟೆ, "ಅಕಿ ಮನಿ ಉಳಿಸಿದ್ರಿ ಖರೆ. ಅಕಿ ಅಳೂದೂ ಕಸ್ಕೊಂಡ್ರಿ."

ಬೈಯುತ್ತಾಳೆಂದು ಕಾದೆ. "ಗೊತ್ತದ" ಎಂದಳು, ಅಷ್ಟೆ.

ಅಕ್ಕ ಹೋದ ದಿನ ನೌಬಾದದ ಆ ಮನೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮೇಣದ ಬತ್ತಿ ಹಚ್ಚಿ ತಲೆಯ ಕಡೆ ಇಟ್ಟಿದ್ದರು. ಬಿಳಿ ಬಟ್ಟೆಯ ಹಿರಿಯರು ತ್ರಿಸರಣ ಹೇಳುತ್ತಿದ್ದರು. ಮಕ್ಕಳಿಬ್ಬರೂ ಗಂಭೀರವಾಗಿ ನಿಂತಿದ್ದರು, ಅವರ ಮನೆಯಲ್ಲಿ ಎದೆ ಬಡಿದುಕೊಂಡು ಅಳುವ ಪದ್ಧತಿ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಸುನಂದಾ ಬಂದಳು. ಜೊತೆಗೆ ಕೋಲು ಊರಿಕೊಂಡು ಮುದುಕಿ, ಅವರ ಊರಿನ ನಾಲ್ಕಾರು ಹೆಂಗಸರು. ಸುನಂದಾ ಗೇಟಿನಿಂದಲೇ ದನಿ ತೆಗೆದಳು. ಮಂದಿಯನ್ನು ನೂಕಿಕೊಂಡು ಬಂದು ಅಕ್ಕನ ಮೇಲೆ ಬಿದ್ದು, ನಮ್ಮ ಕಡೆಯ ಹೆಂಗಸರು ಹೇಳಿ ಹೇಳಿ ಅಳುವ ಹಾಗೆ ಹೇಳಿ ಹೇಳಿ ಅತ್ತಳು. "ನನ್ನ ನುಚ್ಚವ್ವಾ, ನನ್ನ ಹಾಲು ಬಿಟ್ಟು ಹೋದ್ಯಾ, ನನ್ನ ನುಚ್ಚವ್ವಾ." ಹಿರಿಯರು ಪಠಣ ನಿಲ್ಲಿಸಿದರು. ಆಕೆಯ ಊರಿನ ಹೆಂಗಸರು, ಮಾರಿದ ಕೂಸಿಗೆ ಹೀಗೆ ಅಳುವುದುಂಟೇ ಎಂಬಂತೆ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕಿ ನನ್ನ ಕಡೆ ನೋಡಿದಳು.

ಪಕ್ಕದ ಮನೆಯಾಕೆ ನನ್ನ ತೋಳು ಮುಟ್ಟಿ ಕೇಳಿದಳು, "ನುಚ್ಚವ್ವ ಅಂದ್ರ ಯಾರ್ರಿ? ಅಕ್ಕೋರಿಗಿ ಸಣ್ಣಾಕಿ ಇದ್ದಾಗ ಹಾಂಗ ಕರಿತಿದ್ರೇನ್ರಿ?"

"ಹೂಂರಿ, ಅಕ್ಕೋರದೇ ಮನ್ಯಾಗಿನ ಹೆಸರು" ಎಂದೆ, ಎಲ್ಲರಿಗೂ ಕೇಳುವ ಹಾಗೆ.